ಲಕ್ಷದ್ವೀಪದಲ್ಲಿ ಇವತ್ತಿನ ಕಡಲು

ಬಿಸಿಲು ಹೊಳೆಯುತ್ತಿದೆ, ತೆಂಗಿನ ಗರಿ ಅಲುಗುತ್ತಿಲ್ಲ, ಮೋಡದ ಸುಳಿವಿಲ್ಲ. ಆದರೂ ಹೈದರಾಬಾದಿನಿಂದ ಬಂದ ಸೂಚನೆ ಹೇಳುತ್ತದೆ: ಇವತ್ತು ರಾತ್ರಿಯಿಂದ ಎಚ್ಚರ, ದೋಣಿಗಳನ್ನು ಒಂದಕ್ಕೊಂದು ತಾಗದಂತೆ ಕಟ್ಟಿ, ದಡದಲ್ಲಿ ನೀರಿಗೆ ಇಳಿಯಬೇಡಿ. ಲಕ್ಷದ್ವೀಪದಲ್ಲಿ ಏಪ್ರಿಲ್, ಮೇ ತಿಂಗಳ ಕೆಲವು ದಿನ ಹೀಗಿರುತ್ತವೆ. ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಚುಟುಕಾಗಿ ಇನ್‌ಕಾಯಿಸ್, ಹೈದರಾಬಾದಿನಲ್ಲಿ ಕುಳಿತು ಕೊಡುವ ಈ ಎಚ್ಚರಿಕೆಗೂ ದ್ವೀಪದ ತಲೆಯ ಮೇಲಿನ ಆಕಾಶಕ್ಕೂ ಸಂಬಂಧವೇ ಇರುವುದಿಲ್ಲ.

ನೆಲದ ಮೇಲೆ ಬೆಳೆದ ನಮಗೆ ಹವೆ ಎಂದರೆ ಮಳೆ ಬರುತ್ತದೋ ಬಿಸಿಲೋ ಎಂಬ ಪ್ರಶ್ನೆ. ಹವಳದ ದ್ವೀಪದಲ್ಲಿ ಅದು ಅರ್ಧ ಮಾತ್ರ. ಅಕ್ಕಿ ಬರುತ್ತದೆಯೇ, ಆಸ್ಪತ್ರೆಗೆ ಹೋಗುವ ರೋಗಿ ಹಡಗು ಹತ್ತಬಹುದೇ, ಸೂರೆ (ಟ್ಯೂನಾ) ಮೀನಿಗೆ ದೋಣಿ ಹೊರಡುತ್ತದೆಯೇ ಎಂಬುದನ್ನೆಲ್ಲ ತೀರ್ಮಾನಿಸುವುದು ಕಡಲಿನ ಸ್ಥಿತಿ. ಆ ಸ್ಥಿತಿ ರೂಪುಗೊಳ್ಳುವುದು ಬಹಳ ಸಲ ದ್ವೀಪದ ಹತ್ತಿರವೂ ಅಲ್ಲ, ಅದೇ ದಿನವೂ ಅಲ್ಲ.

ಕೇರಳದ ಕರೆಯಿಂದ 200ರಿಂದ 440 ಕಿಲೋಮೀಟರ್ ದೂರದಲ್ಲಿ ಚದುರಿರುವ ಈ ದ್ವೀಪಗಳ ಒಟ್ಟು ನೆಲ ಕೇವಲ 32 ಚದರ ಕಿಲೋಮೀಟರ್. ಹವಳದ ದಿಬ್ಬಗಳು ಸುತ್ತುವರಿದ ತಿಳಿನೀರಿನ ಲಗೂನ್‌ಗಳ ವಿಸ್ತೀರ್ಣ ಸುಮಾರು 4,200 ಚದರ ಕಿಲೋಮೀಟರ್. ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ. ನೆಲ ಬಹುಪಾಲು ಕಡೆ ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಮಾತ್ರ ಎತ್ತರ, ಬೆಟ್ಟವಿಲ್ಲ, ಹೊಳೆಯಿಲ್ಲ.

ಬೆಟ್ಟವಿಲ್ಲದ ಪರಿಣಾಮ ಮಳೆಯ ಲೆಕ್ಕದಲ್ಲೇ ಕಾಣುತ್ತದೆ. ಅಮಿನಿ, ಮಿನಿಕಾಯ್ ದ್ವೀಪಗಳಲ್ಲಿ ವರ್ಷಕ್ಕೆ ಸುರಿಯುವುದು 1,500-1,600 ಮಿಲಿಮೀಟರ್ ಆಸುಪಾಸು. ಅಮಿನಿಯಿಂದ ಸುಮಾರು 300 ಕಿಲೋಮೀಟರ್ ದೂರದ ಮಂಗಳೂರಿನಲ್ಲಿ ಅದು 3,500 ದಾಟುತ್ತದೆ, ಇನ್ನೂ ಮೇಲೆ ಆಗುಂಬೆಯಲ್ಲಿ 7,000 ಮುಟ್ಟುತ್ತದೆ. ಮುಂಗಾರಿನ ಗಾಳಿ ಎಲ್ಲ ಕಡೆಯೂ ಒಂದೇ, ಅದು ಹೊತ್ತು ತರುವ ತೇವವೂ ಹೆಚ್ಚುಕಡಿಮೆ ಅಷ್ಟೇ. ಆ ತೇವವನ್ನು ಮೇಲಕ್ಕೆತ್ತಿ ತಣಿಸಿ ಹಿಂಡುವ ಸಹ್ಯಾದ್ರಿ ದ್ವೀಪಕ್ಕಿಲ್ಲ. ನಮ್ಮ ಮಲೆನಾಡಿನ ಮಳೆಯಲ್ಲಿ ಕಡಲಿನ ಪಾಲೆಷ್ಟು, ಘಟ್ಟದ ಪಾಲೆಷ್ಟು ಎಂದು ತಿಳಿಯಬೇಕಾದರೆ ಅಮಿನಿಯ ಮಳೆಮಾಪಕವನ್ನು ಆಗುಂಬೆಯದರ ಪಕ್ಕದಲ್ಲಿಟ್ಟು ನೋಡಿದರೆ ಸಾಕು.

ಉಷ್ಣಾಂಶದ ಕಥೆ ಚಿಕ್ಕದು. ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ಹನ್ನೆರಡು-ಹದಿನಾಲ್ಕು ಡಿಗ್ರಿ ವ್ಯತ್ಯಾಸ. ದ್ವೀಪದಲ್ಲಿ ಅದರ ಅರ್ಧವಿದ್ದರೆ ಹೆಚ್ಚು, ಏಕೆಂದರೆ ಸುತ್ತಲಿನ ನೀರು ಹಗಲು-ರಾತ್ರಿ 28-30 ಡಿಗ್ರಿಯಲ್ಲೇ ಇರುತ್ತದೆ. ಒಂದು ಕಿಲೋಮೀಟರ್ ಅಗಲದ ನೆಲ ಎಷ್ಟೇ ಕಾದರೂ ಮಂಗಳೂರಿನಲ್ಲಿ ಮಧ್ಯಾಹ್ನ ಏಳುವಂಥ ಕಡಲಗಾಳಿಯನ್ನು ಎಬ್ಬಿಸುವಷ್ಟು ದೊಡ್ಡದಲ್ಲ. ಮಳೆಯ ಹೊತ್ತೂ ಬೇರೆ. ಒಳನಾಡಿನಲ್ಲಿ ಗುಡುಗು ಮಳೆ ಬರುವುದು ಸಂಜೆಗೆ. ತೆರೆದ ಕಡಲಿನ ಮೇಲೆ ಅದು ಹೆಚ್ಚಾಗಿ ನಡುರಾತ್ರಿಯಿಂದ ನಸುಕಿನವರೆಗೆ. ರಾತ್ರಿ ಮೋಡದ ನೆತ್ತಿ ಶಾಖ ಕಳೆದುಕೊಂಡು ತಣ್ಣಗಾಗುತ್ತದೆ, ಕೆಳಗಿನ ನೀರು ಮಾತ್ರ ಬೆಚ್ಚಗೇ ಉಳಿಯುತ್ತದೆ. ಮೇಲೆ ತಂಪು, ಕೆಳಗೆ ಬಿಸಿ ಎಂದಾದಾಗ ಗಾಳಿ ಬುಡಮೇಲಾಗಿ ಮೋಡ ಬೆಳೆಯುತ್ತದೆ. ಕಡಲಿನ ರಾತ್ರಿಮಳೆಗೆ ಇರುವ ಕಾರಣಗಳಲ್ಲಿ ಇದು ಮುಖ್ಯವಾದದ್ದು.

ಭಾರತದ ಹವಾಮಾನ ಇಲಾಖೆಗೆ ಈ ಸಣ್ಣ ನೆಲದ ತುಣುಕುಗಳು ಬಹಳ ಬೆಲೆಯುಳ್ಳವು. ಅಮಿನಿ ಮತ್ತು ಮಿನಿಕಾಯ್‌ನ ವೀಕ್ಷಣಾಲಯಗಳಿಂದ ಉಪಕರಣ ಕಟ್ಟಿದ ಬಲೂನುಗಳು ಮೇಲೇರುತ್ತವೆ. ಜಗತ್ತಿನ ಇಂಥ ಕೇಂದ್ರಗಳೆಲ್ಲ ಒಪ್ಪಿಕೊಂಡ ವೇಳೆ ನಮ್ಮ ಗಡಿಯಾರದಲ್ಲಿ ಬೆಳಗ್ಗೆ ಮತ್ತು ಸಂಜೆಯ ಐದೂವರೆ. ಕೇರಳಕ್ಕೆ ಮುಂಗಾರು ಬಂತು ಎಂದು ಘೋಷಿಸಲು ಇಲಾಖೆ ನೋಡುವ ಹದಿನಾಲ್ಕು ಮಳೆ ಕೇಂದ್ರಗಳ ಪಟ್ಟಿ ಮಿನಿಕಾಯ್, ಅಮಿನಿಯಿಂದ ಶುರುವಾಗಿ ಕುಡ್ಲು ಮತ್ತು ಮಂಗಳೂರಿನಲ್ಲಿ ಮುಗಿಯುತ್ತದೆ. ಮೇ 10ರ ನಂತರ ಇವುಗಳಲ್ಲಿ ಶೇ 60ರಷ್ಟು ಕಡೆ ಸತತ ಎರಡು ದಿನ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆಯಾಗಬೇಕು. ಜೊತೆಗೆ ಪಡುವಣ ಗಾಳಿಯ ಆಳ, ವೇಗ, ಮೋಡದ ದಟ್ಟಣೆ ಕೂಡಿಬರಬೇಕು. ಕರ್ನಾಟಕದ ರೈತ ಪ್ರತಿ ಜೂನ್‌ನಲ್ಲಿ ಕಾಯುವ ಸುದ್ದಿಗೆ ಅಮಿನಿಯ ಮಳೆಮಾಪಕವೂ ಸಾಕ್ಷಿ ಹೇಳಿರುತ್ತದೆ.

ಈಗ ಕಡಲಿಗೆ ಬರೋಣ. ದಿನದ ಸಾಗರ ಮುನ್ಸೂಚನೆಯಲ್ಲಿ ಎಲ್ಲರ ಕಣ್ಣು ಹೋಗುವುದು ಅಲೆಯ ಎತ್ತರದ ಕಡೆಗೆ. ‘2 ಮೀಟರ್’ ಎಂದು ಬರೆದಿದ್ದರೆ ಎಲ್ಲ ಅಲೆಗಳೂ ಎರಡು ಮೀಟರ್ ಎಂದಲ್ಲ. ಎದ್ದ ಅಲೆಗಳಲ್ಲಿ ದೊಡ್ಡದಾದ ಮೂರನೇ ಒಂದು ಪಾಲಿನ ಸರಾಸರಿ ಅದು. ಅದೇ ಕಡಲಿನಲ್ಲಿ ಒಮ್ಮೊಮ್ಮೆ ಅದರ ಸುಮಾರು ಎರಡರಷ್ಟು ಎತ್ತರದ ತೆರೆಯೂ ಬರಬಹುದು. ಸಣ್ಣ ದೋಣಿಯವರು ಲೆಕ್ಕಕ್ಕಿಡಬೇಕಾದದ್ದು ಈ ಒಂಟಿ ತೆರೆಯನ್ನು.

ಎತ್ತರಕ್ಕಿಂತ ಹೆಚ್ಚು ಹೇಳುವ ಅಂಕಿಯೊಂದು ಅದರ ಪಕ್ಕದಲ್ಲೇ ಇರುತ್ತದೆ, ನೋಡುವವರು ಕಡಿಮೆ. ಅದು ಅಲೆಯ ಅವಧಿ, ಅಂದರೆ ಒಂದು ತೆರೆಯ ನೆತ್ತಿ ಹಾದುಹೋಗಿ ಮುಂದಿನದು ಬರುವವರೆಗಿನ ಸೆಕೆಂಡುಗಳು. ಹತ್ತಿರದ ಗಾಳಿ ಎಬ್ಬಿಸಿದ ಅಲೆಯ ಅವಧಿ ಐದಾರು ಸೆಕೆಂಡು. ಆರು ಸೆಕೆಂಡಿನ ಅಲೆಯ ಉದ್ದ ಆಳಕಡಲಿನಲ್ಲಿ ಸುಮಾರು 56 ಮೀಟರ್. ಅವಧಿ 18 ಸೆಕೆಂಡಾದರೆ ಉದ್ದ 500 ಮೀಟರ್ ದಾಟುತ್ತದೆ. ಅವಧಿ ಮೂರು ಪಟ್ಟಾದರೆ ಉದ್ದ ಒಂಬತ್ತು ಪಟ್ಟು. ಅಂಥ ಅಲೆ ಆಳಕಡಲಿನಲ್ಲಿ ಒಂದು ಮೀಟರ್ ಎತ್ತರವಿದ್ದರೆ ದೋಣಿಯಲ್ಲಿ ಕೂತವನಿಗೆ ತಿಳಿಯುವುದೂ ಇಲ್ಲ. ಅರ್ಧ ಕಿಲೋಮೀಟರ್ ಉದ್ದದ ಇಳಿಜಾರಿನಲ್ಲಿ ನೀರು ಮೆಲ್ಲಗೆ ಏರಿ ಇಳಿಯುತ್ತದೆ, ಅಷ್ಟೇ. ದಡ ಮುಟ್ಟಿದಾಗ ಮಾತ್ರ ಅದರ ಬಲ ಗೊತ್ತಾಗುತ್ತದೆ.

ಇಷ್ಟುದ್ದದ ಅಲೆ ಅರಬ್ಬಿ ಸಮುದ್ರದ ಬೇಸಿಗೆಯ ಗಾಳಿಗೆ ಹುಟ್ಟುವಂಥದ್ದಲ್ಲ. ಅದರ ಹುಟ್ಟು ಭೂಮಧ್ಯರೇಖೆಯ ಆಚೆ, ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ. ಅಂಟಾರ್ಕ್ಟಿಕಾದ ಸುತ್ತ ಗಾಳಿಯನ್ನು ತಡೆಯುವ ನೆಲವೇ ಇಲ್ಲ. ಬಿರುಗಾಳಿ ದಿನಗಟ್ಟಲೆ ಒಂದೇ ದಿಕ್ಕಿಗೆ ಬೀಸಿ ನೀರಿಗೆ ತನ್ನ ಶಕ್ತಿ ತುಂಬುತ್ತದೆ. ಅಲ್ಲಿಂದ ಹೊರಟ ಅಲೆಗಳು ಒಂದೇ ಗೆರೆಯಿಂದ ಹೊರಟ ಓಟಗಾರರಂತೆ ದಾರಿಯಲ್ಲಿ ಬೇರೆಯಾಗುತ್ತವೆ: ಉದ್ದನೆಯವು ಮುಂದೆ, ಗಿಡ್ಡವು ಹಿಂದೆ. ಸ್ವೆಲ್ ಎಂದು ಕರೆಯುವುದು ಹೀಗೆ ಹುಟ್ಟೂರು ಬಿಟ್ಟು ಬಂದ ಅಲೆಗಳನ್ನು. 18 ಸೆಕೆಂಡಿನ ಅಲೆಗಳ ಗುಂಪು ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಆರೇಳು ಸಾವಿರ ಕಿಲೋಮೀಟರ್ ದಾಟಿ ಲಕ್ಷದ್ವೀಪ ಮುಟ್ಟಲು ಐದಾರು ದಿನ ಬೇಕು. ಅಷ್ಟರಲ್ಲಿ ಅವನ್ನು ಎಬ್ಬಿಸಿದ ಬಿರುಗಾಳಿ ಅಡಗಿಹೋಗಿರಲೂಬಹುದು.

ಕೇರಳದ ಮೀನುಗಾರರು ಹೀಗೆ ಹೇಳದೆ ಕೇಳದೆ ದಡಕ್ಕೇರುವ ನೀರನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ; 2012ರಲ್ಲಿ ಯುನೆಸ್ಕೊ ಈ ಹೆಸರನ್ನು ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು. ಈಗ ಅದು ಕಳ್ಳನಾಗಿ ಉಳಿದಿಲ್ಲ. ದಕ್ಷಿಣದ ಬಿರುಗಾಳಿಯನ್ನು ಉಪಗ್ರಹ ನೋಡುತ್ತದೆ, ಕಂಪ್ಯೂಟರ್ ಮಾದರಿ ಅಲೆಯ ದಾರಿಯನ್ನು ಲೆಕ್ಕ ಹಾಕುತ್ತದೆ, ಸಾಗರದಲ್ಲಿ ತೇಲಿಬಿಟ್ಟ ಅಳತೆಯ ಉಪಕರಣಗಳು ಅದು ಬಂದದ್ದನ್ನು ಖಚಿತಪಡಿಸುತ್ತವೆ. ಮಳೆಯ ಮುನ್ಸೂಚನೆಗೆ ಇನ್ನೂ ಸಿಗದಷ್ಟು ಖಾತ್ರಿ ಇಲ್ಲಿ ಸಾಧ್ಯವಾಗುವುದು ನೀರು ಗಾಳಿಗಿಂತ ಬಹಳ ಶಿಸ್ತಿನಿಂದ ನಡೆದುಕೊಳ್ಳುವುದರಿಂದ. ಸಾಮಾನ್ಯ ಜನರ ಜೀವ ಉಳಿಸುವ ವಿಜ್ಞಾನಗಳಲ್ಲಿ ಇದರಷ್ಟು ಸದ್ದಿಲ್ಲದೆ ಕೆಲಸ ಮಾಡುವುದು ಕಡಿಮೆ ಎಂದು ನನ್ನ ಅನಿಸಿಕೆ.

ದಡಕ್ಕೆ ಬಂದ ಸ್ವೆಲ್ ಏನು ಮಾಡುತ್ತದೆ ಎಂಬುದು ಭರತ-ಇಳಿತದ ಮೇಲೆ ನಿಂತಿದೆ. ಲಕ್ಷದ್ವೀಪದಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಏರಿಳಿತ ಒಂದು-ಒಂದೂವರೆ ಮೀಟರ್. ಗುಜರಾತಿನ ಖಂಭಾತ್ ಕೊಲ್ಲಿಯ ಮುಂದೆ ಇದು ಏನೂ ಅಲ್ಲ, ಆದರೆ ಎರಡು ಮೀಟರ್ ಎತ್ತರದ ನೆಲಕ್ಕೆ ಬಹಳವಾಯಿತು. ಇಳಿತದ ಹೊತ್ತಿಗೆ ಹವಳದ ದಿಬ್ಬದ ಅಂಚು ನೀರಿನ ಮೇಲ್ಮೈಗೆ ಬಂದು ಅಲೆಗಳೆಲ್ಲ ಅಲ್ಲೇ ಒಡೆಯುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತದಲ್ಲಿ ಅದೇ ಅಂಚಿನ ಮೇಲೆ ನೀರು ಆಳವಾಗಿ ನಿಂತಿರುತ್ತದೆ, ಅಲೆ ದಾಟಿ ಒಳಗೆ ಬರುತ್ತದೆ. ಹೀಗೆ ಒಳನುಗ್ಗಿದ ನೀರು ಲಗೂನಿನಲ್ಲಿ ತುಂಬಿಕೊಂಡು, ದಿಬ್ಬದ ನಡುವಿನ ಕಾಲುವೆಗಳಿಂದ ಹೊರಗೆ ಧಾವಿಸುತ್ತದೆ. ದೋಣಿಗಳು ಒಳಬರುವ ದಾರಿಯೂ ಅದೇ ಕಾಲುವೆ. ಲಗೂನ್ ಶಾಂತವಾಗಿ ಕಾಣುವಾಗಲೂ ಅದರ ಬಾಯಲ್ಲಿ ಸೆಳೆತ ಜೋರಾಗಿರಲು ಕಾರಣ ಇದು.

ಕರ್ನಾಟಕದ ಕರೆಗೆ ಬರುವ ಅಲೆ ಹತ್ತಾರು ಕಿಲೋಮೀಟರ್ ಅಗಲದ ಆಳವಿಲ್ಲದ ತಳವನ್ನು ಸವರಿಕೊಂಡು ಬರುವುದರಿಂದ ದಾರಿಯಲ್ಲೇ ಒಂದಿಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಹವಳದ ದ್ವೀಪ ಆಳಕಡಲಿನಿಂದ ಕಡಿದಾಗಿ ಮೇಲೆದ್ದಿದೆ. ಅಲ್ಲಿ ಅಲೆಗೂ ಮನೆಗೂ ನಡುವೆ ಇರುವುದು ಹವಳದ ದಿಬ್ಬ ಒಂದೇ. ಜಗತ್ತಿನ ನಾನಾ ಕಡೆಯ ಅಳತೆಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಹವಳದ ದಿಬ್ಬಗಳು ಅಲೆಯ ಶಕ್ತಿಯಲ್ಲಿ ಸರಾಸರಿ ಶೇ 97ರಷ್ಟನ್ನು ತಡೆಯುತ್ತವೆ. ಕಾಂಕ್ರೀಟಿನ ತಡೆಗೋಡೆ ಕಟ್ಟಿದ ದಿನದಿಂದಲೇ ಸವೆಯುತ್ತದೆ. ಈ ಗೋಡೆ ಬದುಕಿರುವವರೆಗೆ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ.

ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಕಡಲಿನ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ. ಸ್ವೆಲ್ ಮೇಲೆ ಮುಂಗಾರಿನ ಗಾಳಿಯ ಅಲೆಯೂ ಸೇರಿ ಎತ್ತರ ಮೂರು ಮೀಟರ್ ದಾಟುವುದು ಆಗ ಸಾಮಾನ್ಯ. ಮಂಗಳೂರಿನ ಹಳೆ ಬಂದರಿನ ಧಕ್ಕೆಯಿಂದ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ತುಂಬಿಕೊಂಡು ಹೊರಡುವ ಮಂಜಿ ಎಂಬ ಸರಕು ಹಡಗುಗಳು ಈ ನಾಲ್ಕು ತಿಂಗಳು ನಿಲ್ಲುತ್ತವೆ. ಮಂಗಳೂರಿನೊಂದಿಗಿನ ಈ ನಂಟು ಹಳೆಯದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು ಟಿಪ್ಪುವಿನ ಕೈಗೆ ಬಂದು, 1799ರ ನಂತರ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ದ್ವೀಪದ ತೆಂಗಿನ ನಾರು ಮಂಗಳೂರಿಗೆ ಬಂದು ಬದಲಿಗೆ ಅಕ್ಕಿ ಹೋಗುತ್ತಿತ್ತು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು, ಅದೇ ದಿನ ಈ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು.

ಕಡಲನ್ನು ಓದುವ ಲೆಕ್ಕಾಚಾರ ಉಪಗ್ರಹಕ್ಕಿಂತ ಹಳೆಯದು. ಮಿನಿಕಾಯ್‌ನ ಮಹಲ್ ಮಾತಿಗೆ ಹತ್ತಿರದ ಭಾಷೆಯಾಡುವ ಮಾಲ್ಡೀವ್ಸ್ ದ್ವೀಪಗಳಲ್ಲಿ ವರ್ಷವನ್ನು ಹದಿಮೂರು-ಹದಿನಾಲ್ಕು ದಿನಗಳ 27 ನಕ್ಷತ್ರ ಕಾಲಗಳಾಗಿ ಹಂಚಿ, ಯಾವುದರಲ್ಲಿ ಗಾಳಿ ತಿರುಗುತ್ತದೆ, ಯಾವುದರಲ್ಲಿ ಮೀನು ಸಿಗುತ್ತದೆ ಎಂದು ಗುರುತಿಟ್ಟುಕೊಂಡಿದ್ದಾರೆ. ಅಶ್ವಿನಿ, ಭರಣಿ, ರೋಹಿಣಿ ಎಂದು ಮಳೆ ಎಣಿಸುವ ನಮ್ಮ ಬಯಲುಸೀಮೆಯ ರೈತರ ಪಂಚಾಂಗವೂ ಅದೇ ಎಣಿಕೆಯದು.

ಆ ಎಣಿಕೆಯನ್ನು ಈಗ ಕದಡುತ್ತಿರುವುದು ನೀರಿನ ಬಿಸಿ. ಚಳಿಗಾಲದಲ್ಲಿ ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯಿರುವ ನೀರು ಶ್ರೀಲಂಕಾವನ್ನು ಸುತ್ತಿ ಬಂದು ಲಕ್ಷದ್ವೀಪದ ಸುತ್ತ ಹರಡಿಕೊಳ್ಳುತ್ತದೆ. ಅದೇ ಕಾಲದಲ್ಲಿ ಇಲ್ಲಿ ಸಮುದ್ರಮಟ್ಟ ದಿಬ್ಬದಂತೆ ಸ್ವಲ್ಪ ಉಬ್ಬುತ್ತದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಶಂಕರ್ ಮತ್ತು ಶೆಟ್ಯೆ 1997ರಲ್ಲಿ ಇದರ ಹಿಂದಿನ ಚಲನೆಯನ್ನು ವಿವರಿಸಿದರು. ಹಗುರ ನೀರು ಮೇಲೆ, ಉಪ್ಪಿನ ಭಾರದ ನೀರು ಕೆಳಗೆ ಇರುವುದರಿಂದ ಎರಡೂ ಬೆರೆಯುವುದಿಲ್ಲ, ಬಿಸಿಲಿನ ಶಾಖ ಮೇಲಿನ ಪದರದಲ್ಲೇ ಸಿಕ್ಕಿಕೊಳ್ಳುತ್ತದೆ. ಏಪ್ರಿಲ್-ಮೇ ಹೊತ್ತಿಗೆ ಅದರ ಉಷ್ಣಾಂಶ 30 ಡಿಗ್ರಿ ದಾಟುತ್ತದೆ. ಇಂಥ ಬಿಸಿ ನೀರು ಚಂಡಮಾರುತಕ್ಕೆ ಬಲ ಕೊಡುತ್ತದೆ: 2021ರ ಮೇ 14ರಂದು ಈ ಪ್ರದೇಶದಲ್ಲೇ ತೌಕ್ತೆ ಚಂಡಮಾರುತವಾಗಿ ಬಲಿತು, ನಮ್ಮ ಕರಾವಳಿಯ ಮಗ್ಗುಲಲ್ಲೇ ಸಾಗಿ ಗುಜರಾತಿಗೆ ಅಪ್ಪಳಿಸಿತು. ಉಳ್ಳಾಲದಿಂದ ಉಡುಪಿಯವರೆಗೆ ಕಡಲ್ಕೊರೆತ ಕಂಡವರಿಗೆ ಆ ದಿನಗಳು ನೆನಪಿರುತ್ತವೆ.

ಹವಳಕ್ಕೆ ಇದೇ ಬಿಸಿ ಮಾರಕ. ರೂಢಿಯ ಬೇಸಿಗೆಗಿಂತ ಒಂದು ಡಿಗ್ರಿ ಹೆಚ್ಚಿನ ಶಾಖ ಕೆಲವು ವಾರ ನಿಂತರೆ ಹವಳದ ಮೈಯೊಳಗಿದ್ದು ಅದಕ್ಕೆ ಆಹಾರ ಕೊಡುವ ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು, 2023-24ರಲ್ಲಿ ಮತ್ತೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಎರಡು ದಶಕಕ್ಕೂ ಹೆಚ್ಚು ಕಾಲ ಅಗತ್ತಿ, ಕಡಮತ್, ಕವರತ್ತಿಯ ದಿಬ್ಬಗಳನ್ನು ಅಳೆಯುತ್ತ ಬಂದಿದ್ದಾರೆ. 1998ರಲ್ಲಿ ಶೇ 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ ಸುಮಾರು ಅರ್ಧಕ್ಕೆ ಇಳಿದಿದೆ. ಒಂದು ಪೆಟ್ಟಿನಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬರುತ್ತಿದೆ. ಸಮುದ್ರಮಟ್ಟ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ ಮೂರು-ನಾಲ್ಕು ಮಿಲಿಮೀಟರ್ ಏರುತ್ತಿರುವಾಗ, ದಿಬ್ಬ ಅದರ ಜೊತೆ ಮೇಲೆ ಬೆಳೆಯದಿದ್ದರೆ ಇವತ್ತು ಹೊರಗೇ ಒಡೆಯುವ ಸ್ವೆಲ್ ನಾಳೆ ಲಗೂನ್ ದಾಟಿ ಬಾವಿಯ ಸಿಹಿನೀರಿಗೆ ಉಪ್ಪು ಬೆರೆಸುತ್ತದೆ. ಲಕ್ಷದ್ವೀಪಕ್ಕೆ ಯಾವ ಯೋಜನೆ ಬಂದರೂ ಮೊದಲು ಕೇಳಬೇಕಾದದ್ದು ಅದು ಹವಳಕ್ಕೆ ಏನು ಮಾಡುತ್ತದೆ ಎಂಬುದನ್ನೇ.

ಅಲ್ಲಿಗೆ ಪ್ರವಾಸ ಹೊರಡುವವರಲ್ಲಿ ಒಂದು ಮಾತು. ಮುನ್ಸೂಚನೆಯಲ್ಲಿ ಮಳೆಯ ಜೊತೆ ಅಲೆಯ ಅವಧಿಯನ್ನೂ ಭರತದ ವೇಳೆಯನ್ನೂ ನೋಡಿ. ಅವಧಿ ಹದಿನೈದು ಸೆಕೆಂಡಿಗಿಂತ ಹೆಚ್ಚಿದ್ದರೆ ದಿಬ್ಬದ ಅಂಚಿಗೂ ಕಾಲುವೆಯ ಬಾಯಿಗೂ ಹೋಗಬೇಡಿ. ಹವಳದ ಮೇಲೆ ಕಾಲಿಡಬೇಡಿ, ಸತ್ತಂತೆ ಕಂಡರೂ ತುಂಡು ಎತ್ತಿ ತರಬೇಡಿ. ದಿಬ್ಬ ಕಟ್ಟುವ ಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹುಲಿಗೆ ಇರುವಷ್ಟೇ ರಕ್ಷಣೆ ಇದೆ.