ಬೆಕ್ಕಿಗೆ ಚೆಲ್ಲಾಟ

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಹೊರನಾಡಿನ ಕಚೇರಿಗಳಲ್ಲಿ ದುಡಿಯುವ ನಮಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಯ್ದರೆ ದೂರು ಕೊಡಬಹುದು. ಬಡ್ತಿ ತಪ್ಪಿಸಿದರೆ ಅರ್ಜಿ ಬರೆಯಬಹುದು. ಆದರೆ ನಗುನಗುತ್ತ ಆಡಿದ, ಆಡಿದವರೇ ಮರುಗಳಿಗೆ ಮರೆತ ಮಾತಿಗೆ ಏನು ಮಾಡುವುದು? ದೂರು ಕೊಡಲು ಅದು ಬಹಳ ಚಿಕ್ಕದು. ಮರೆತುಬಿಡಲು ತುಸು ದೊಡ್ಡದು.

ಇಂಥ ಮಾತುಗಳಿಗೆ ವಿದ್ವಾಂಸರು ಹೆಸರನ್ನೇ ಇಟ್ಟಿದ್ದಾರೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವೈದ್ಯ ಚೆಸ್ಟರ್ ಪಿಯರ್ಸ್ ಎಂಬವರು, ಅಲ್ಲಿನ ಕಪ್ಪು ಜನಾಂಗದವರು ದಿನನಿತ್ಯ ನುಂಗಿಕೊಳ್ಳಬೇಕಾದ ತಾತ್ಸಾರಗಳನ್ನು 1970ರಲ್ಲಿ ‘ಮೈಕ್ರೊಅಗ್ರೆಷನ್’ ಎಂದು ಕರೆದರು. 2007ರಲ್ಲಿ ಡೆರಾಲ್ಡ್ ವಿಂಗ್ ಸೂ ಮತ್ತು ಸಂಗಡಿಗರು ಅದನ್ನು ಮೂರು ಬಗೆಯಾಗಿ ವಿಂಗಡಿಸಿದರು: ಬೇಕೆಂದೇ ಚುಚ್ಚುವುದು, ಅರಿಯದೆ ಹೀಗಳೆಯುವುದು, ನೊಂದವರ ಅನುಭವವನ್ನೇ ಅಲ್ಲಗಳೆಯುವುದು. ಹೆಸರು ಪರದೇಶದ್ದು, ವಸ್ತು ಮಾತ್ರ ನಮ್ಮ ಮೇಜಿನ ಪಕ್ಕದ್ದೇ.

‘ಮದರಾಸಿ’ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಉತ್ತರದಲ್ಲಿ ಎಷ್ಟೋ ಜನಕ್ಕೆ ದಕ್ಷಿಣದವರೆಲ್ಲ ಮದರಾಸಿಗಳೇ. ಆದರೆ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳು 1956ರವರೆಗೆ ಇದ್ದುದು ಮುಂಬಯಿ ರಾಜ್ಯದಲ್ಲಿ. ಬೀದರ, ಕಲಬುರ್ಗಿ, ರಾಯಚೂರುಗಳು ಹೈದರಾಬಾದಿನಲ್ಲಿ. ಮೈಸೂರಂತೂ ಬೇರೆಯೇ ಸಂಸ್ಥಾನವಾಗಿತ್ತು. ಆ ಮದರಾಸು ರಾಜ್ಯವೂ 1969ರಲ್ಲಿ ತಮಿಳುನಾಡಾಯಿತು. ಪಟ್ಟಣವು 1996ರಲ್ಲಿ ಚೆನ್ನೈ ಆಯಿತು. ಹುಬ್ಬಳ್ಳಿಯ ಹುಡುಗ ಮಾತ್ರ ಇನ್ನೂ ಮದರಾಸಿಯೇ! ಭೂಗೋಳದ ತಪ್ಪಾದರೆ ಒಮ್ಮೆ ತಿದ್ದಿದರೆ ಸರಿಹೋಗಬೇಕು. ತಿದ್ದಿದ ಮೇಲೂ ‘ಎಲ್ಲ ಒಂದೇ ಅಲ್ಲವೆ?’ ಎಂಬ ಉತ್ತರ ಬಂದರೆ ಅದು ಅಜ್ಞಾನವಲ್ಲ, ಅಸಡ್ಡೆ.

ಉಳಿದವೂ ನಮಗೆ ಪರಿಚಿತವೇ. ‘ದಕ್ಷಿಣದವರಾದರೂ ಹಿಂದಿ ಎಷ್ಟು ಚೆನ್ನಾಗಿ ಆಡುತ್ತೀರಿ’ ಎಂಬುದು ಹೊಗಳಿಕೆಯ ವೇಷ ತೊಟ್ಟ ಚುಚ್ಚುಮಾತು. ಊರಿನ ಮತ್ತು ತಂದೆಯ ಹೆಸರನ್ನು ಇನಿಷಿಯಲ್ ಮಾಡಿಕೊಂಡವರನ್ನು ‘ಪೂರ್ತಿ ಹೆಸರೇನು?’ ಎಂದು ಮತ್ತೆ ಮತ್ತೆ ಕೇಳುವವರಿದ್ದಾರೆ. ಅನೇಕ ವೇಳೆ ಅವರಿಗೆ ಬೇಕಾದುದು ಹೆಸರಲ್ಲ, ಜಾತಿ. ಸಭೆಯಲ್ಲಿ ಹೆಂಗಸರು ಒಬ್ಬರೇ ಇದ್ದರೆ, ಅವರ ಹುದ್ದೆ ಏನೇ ಇರಲಿ, ಚಹದ ಏರ್ಪಾಡು ಅವರ ಪಾಲಿಗೇ ಬರುತ್ತದೆ.

‘ಇಷ್ಟಕ್ಕೆಲ್ಲ ಮನಸ್ಸು ಕೆಡಿಸಿಕೊಳ್ಳಬೇಕೆ?’ ಎನ್ನಬಹುದು. ಒಂದು ಹನಿಗೆ ಕಲ್ಲು ಸವೆಯದು, ನಿಜ. ಆದರೆ ದಿನವೂ ಬೀಳುವ ಹನಿಗೆ ಸವೆಯುತ್ತದೆ. ಉಚ್ಚಾರವನ್ನು ಅಣಕಿಸಿಕೊಂಡವನು ಸಭೆಯಲ್ಲಿ ಬಾಯಿ ತೆರೆಯುವುದನ್ನೇ ಬಿಡುತ್ತಾನೆ. ಬಾಯಿ ತೆರೆಯದವನು ಬಡ್ತಿಯ ಕಾಲಕ್ಕೆ ಯಾರ ನೆನಪಿಗೂ ಬರುವುದಿಲ್ಲ. ಮನೆಗೆ ಬಂದು, ತನಗಾದದ್ದು ಮಕ್ಕಳಿಗಾಗದಿರಲೆಂದು ಅವರೊಡನೆ ಕನ್ನಡ ಆಡುವುದನ್ನೂ ನಿಲ್ಲಿಸುತ್ತಾನೆ. ಮೇಜಿನ ಮೇಲೆ ಬಿದ್ದ ಹನಿ ಹೀಗೆ ಮನೆಯ ತೊಟ್ಟಿಲವರೆಗೂ ಹರಿಯುತ್ತದೆ.

ಗುರುತಿಸುವುದು ಹೇಗೆ? ಮೂರು ಪ್ರಶ್ನೆಗಳು ಸಾಕು. ಇದೇ ಮಾತನ್ನು ಅವರು ತಮ್ಮ ಊರಿನವರಿಗೆ ಆಡುತ್ತಿದ್ದರೆ? ಇದು ಒಂದು ಸಲದ್ದೋ, ಪದೇ ಪದೇ ನಡೆಯುವುದೋ? ಬೇಡವೆಂದ ಮೇಲೆ ನಿಂತಿತೆ? ನಿಂತರೆ ಅದು ತಿಳಿಯದೆ ಆಡಿದ್ದು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಿಲ್ಲ. ನಿಲ್ಲದಿದ್ದರೆ ದಿನಾಂಕ, ಮಾತು, ಎದುರಿಗಿದ್ದವರು ಇವನ್ನು ಬರೆದಿಡಬೇಕು. ಹೇಳುವಾಗ ಒಬ್ಬೊಬ್ಬರೇ ಇದ್ದಾಗ, ದನಿ ಏರಿಸದೆ ಹೇಳುವುದು ಲೇಸು. ಮಾತು ಲೈಂಗಿಕ ಕಿರುಕುಳಕ್ಕೆ ತಿರುಗಿದರೆ 2013ರ ಕಾನೂನು ಇದೆ. ಹತ್ತು ಮತ್ತು ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ದೂರು ಕೊಡಬೇಕು. ಪರಿಶಿಷ್ಟರನ್ನು ಜಾತಿಯ ಹೆಸರಿನಲ್ಲಿ ಸಾರ್ವಜನಿಕವಾಗಿ ನಿಂದಿಸುವುದು 1989ರ ಕಾಯಿದೆಯಡಿ ಅಪರಾಧ.

ಹಾಸ್ಯವೆಂದು ತೊಡಗಿದ್ದು ಎಲ್ಲಿಗೆ ಮುಟ್ಟೀತೆಂಬುದಕ್ಕೆ ದೆಹಲಿಯೇ ಸಾಕ್ಷಿ. 2014ರ ಜನವರಿಯಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬನ ಕೂದಲನ್ನು ಕಂಡು ಗೇಲಿ ಮಾಡಿದ್ದು ಹೊಡೆದಾಟವಾಗಿ, ಅವನು ಪ್ರಾಣ ಕಳೆದುಕೊಂಡ. ಬಳಿಕ ಕೇಂದ್ರ ಸರಕಾರ ಬೆಜ್ಬರುವಾ ಸಮಿತಿಯನ್ನು ನೇಮಿಸಿತು. ಆದ್ದರಿಂದ ಈ ಅಳತೆಗೋಲನ್ನು ನಮ್ಮ ಮಾತಿಗೂ ಹಿಡಿಯುವುದು ನ್ಯಾಯ. ಈಶಾನ್ಯದ ಸಹೋದ್ಯೋಗಿಯನ್ನು ನಾವು ಏನೆಂದು ಕರೆಯುತ್ತೇವೆ? ಸಂಘದ ಸಭೆಯಲ್ಲಿ ಬೀದರದ ಕನ್ನಡಕ್ಕೆ, ಕುಂದಾಪುರದ ಕನ್ನಡಕ್ಕೆ ನಗುವವರುಂಟೆ? ಮಕ್ಕಳು ಅದನ್ನು ಕೇಳುತ್ತ ಕುಳಿತಿರುತ್ತಾರೆ. ಹೊರಗೆ ಮರ್ಯಾದೆ ಬೇಡುವ ನಾವು ಅದನ್ನು ಒಳಗೂ ಹಂಚಿಕೊಂಡರೆ, ಕೇಳುವ ದನಿಗೆ ಬಲ ಬರುತ್ತದೆ.