ಅಭ್ಯುಪೇತ್ಯಾಶುಶ್ರೂಷೆ: ವೃದ್ಧರ ಶುಶ್ರೂಷಕರ ಅಪರಾಧಗಳೂ ಕುಟುಂಬದವರಿಗಿರುವ ನ್ಯಾಯಮಾರ್ಗಗಳೂ

ಧರ್ಮಶಾಸ್ತ್ರಕಾರರು ವ್ಯವಹಾರವನ್ನು ಹದಿನೆಂಟು ಪದಗಳಾಗಿ ವಿಂಗಡಿಸಿರುವುದು ವಿದ್ವಜ್ಜನರಿಗೆ ವಿದಿತವಾದ ವಿಷಯವೇ. ಆ ಹದಿನೆಂಟರಲ್ಲಿ ನಾರದನು ಐದನೆಯದಾಗಿ ಎಣಿಸಿರುವುದು ‘ಅಭ್ಯುಪೇತ್ಯಾಶುಶ್ರೂಷಾ’ ಎಂಬುದನ್ನು. ಶುಶ್ರೂಷೆಯನ್ನು ಮಾಡುವೆನೆಂದು ಒಪ್ಪಿಕೊಂಡು ಅನಂತರ ಅದನ್ನು ಮಾಡದಿರುವುದೇ ಇದರ ಅರ್ಥ. ಮನುವಿನ ಎಣಿಕೆಯಲ್ಲಿ ಈ ಪದವಿಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದುಕೊಂಡು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನಾದರೋ ಇದನ್ನು ಪ್ರತ್ಯೇಕ ಪ್ರಕರಣವಾಗಿಯೇ ವಿವರಿಸಿ, ಶಿಷ್ಯ, ಅಂತೇವಾಸಿ, ಭೃತಕ, ಅಧಿಕರ್ಮಕೃತ್, ದಾಸ ಎಂದು ಶುಶ್ರೂಷಕರನ್ನು ಐದು ಬಗೆಯಾಗಿ ಮಾಡಿದ ನಾರದನ ವಿಭಾಗವನ್ನು ಅಲ್ಲಿ ಉದಾಹರಿಸಿದ್ದಾನೆ.

‘ಶುಶ್ರೂಷಾ’ ಶಬ್ದವು ‘ಶ್ರು’ ಧಾತುವಿನ ಸನ್ನಂತ ರೂಪದಿಂದ ಹುಟ್ಟಿದುದು. ಕೇಳಬೇಕೆಂಬ ಇಚ್ಛೆಯು ಅದರ ಮೂಲಾರ್ಥ. ಹೇಳಿದ ಮಾತನ್ನು ಕೇಳುವವನು ವಿಧೇಯನಾಗಿ ನಡೆಯುವನಾದ್ದರಿಂದ ಅದಕ್ಕೆ ಸೇವೆಯೆಂಬ ಅರ್ಥ ಬಂದಿತು. ಕನ್ನಡದಲ್ಲಿ ಅದು ಮತ್ತಷ್ಟು ಸಂಕೋಚಗೊಂಡು ರೋಗಿಗಳ ಮತ್ತು ವೃದ್ಧರ ಆರೈಕೆಯಲ್ಲಿ ರೂಢವಾಗಿದೆ. ಆದರೆ ಪ್ರಾಚೀನ ವ್ಯವಸ್ಥೆಗೂ ಇಂದಿನ ಸ್ಥಿತಿಗೂ ಒಂದು ಮುಖ್ಯ ಭೇದವುಂಟು. ಸ್ಮೃತಿಕಾರರ ಭೃತಕನು ಯಾರಿಗೆ ಮಾತು ಕೊಟ್ಟನೋ ಪ್ರಾಯಿಕವಾಗಿ ಅವನನ್ನೇ ಸೇವಿಸುತ್ತಿದ್ದನು. ಇಂದು ದೂರದ ಊರಿನಲ್ಲಿಯೋ ವಿದೇಶದಲ್ಲಿಯೋ ಇರುವ ಮಗನು ಸಂಬಳವನ್ನು ಗೊತ್ತುಮಾಡುತ್ತಾನೆ. ಜನರು ‘ಹೋಂ ನರ್ಸ್’ ಎಂದೋ ‘ಆಯಾ’ ಎಂದೋ ಕರೆಯುವ ಶುಶ್ರೂಷಕರ ಕೈಯಲ್ಲಿ ಹಗಲಿರುಳು ಇರತಕ್ಕವರು ಮಾತ್ರ ಹಾಸಿಗೆ ಹಿಡಿದ ತಂದೆ ಅಥವಾ ತಾಯಿ. ಒಪ್ಪಂದ ಮಾಡಿಕೊಂಡವನೊಬ್ಬ, ಅದರ ಫಲವನ್ನು ಅನುಭವಿಸುವವರು ಮತ್ತೊಬ್ಬರು.

ಇಂತಹ ಶುಶ್ರೂಷಕನು ವೃದ್ಧರನ್ನು ಹೊಡೆದರೆ, ಮಂಚಕ್ಕೆ ಕಟ್ಟಿದರೆ, ಅನ್ನನೀರನ್ನು ತಡೆದರೆ, ಒಡವೆಯನ್ನು ಅಪಹರಿಸಿದರೆ ಮನೆಯವರು ಸಾಮಾನ್ಯವಾಗಿ ಮಾಡುವುದೇನು? ಲೆಕ್ಕ ಚುಕ್ತಾ ಮಾಡಿ ಅವನನ್ನು ಕಳುಹಿಸಿಬಿಡುತ್ತಾರೆ. ಮನೆಯ ಮಾನದ ಭಯ, ನ್ಯಾಯಾಲಯದ ಅಲೆದಾಟದ ಭಯ, ‘ನಾವೇ ಅಲ್ಲವೇ ಅವನನ್ನು ಒಳಗೆ ಬಿಟ್ಟುಕೊಂಡವರು’ ಎಂಬ ಒಳಗಿನ ಸಂಕಟ, ಇವೆಲ್ಲ ಸೇರಿ ಬಾಯನ್ನು ಕಟ್ಟುತ್ತವೆ. ವೃದ್ಧರ ನೋವು ಎಲ್ಲಿಯೂ ದಾಖಲಾಗುವುದಿಲ್ಲ. ಆ ಶುಶ್ರೂಷಕನು ಮತ್ತೊಂದು ಮನೆಯ ಬಾಗಿಲನ್ನು ಸೇರುತ್ತಾನೆ. ಹೀಗಿರಲು ಭಾರತದ ಪ್ರಚಲಿತ ಶಾಸನಗಳಲ್ಲಿ ಯಾವ ಯಾವ ಮಾರ್ಗಗಳಿವೆ, ಪ್ರತಿಯೊಂದರಲ್ಲಿಯೂ ಅನ್ಯಾಯವು ಯಾರಿಗೆ ಆಯಿತೆಂದು ಶಾಸನವು ಎಣಿಸುತ್ತದೆ ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ೨೦೦೭ನೆಯ ಇಸವಿಯ ಶಾಸನದ ವ್ಯಾಪ್ತಿ

ವೃದ್ಧರ ಸಂಬಂಧವಾದ ಸಕಲ ಅನ್ಯಾಯಗಳಿಗೂ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮವೇ ಮದ್ದೆಂಬ ಭಾವನೆ ಲೋಕದಲ್ಲಿ ಹರಡಿದೆ. ಇದು ಪೂರ್ವಪಕ್ಷ. ಆ ಶಾಸನವು ಅರುವತ್ತು ವರ್ಷ ತುಂಬಿದ ನಾಗರಿಕರಿಗೆ ಮಕ್ಕಳಿಂದಲೂ, ಮಕ್ಕಳಿಲ್ಲದವರಿಗೆ ಅವರ ಆಸ್ತಿಯನ್ನು ಪಡೆದ ಅಥವಾ ಪಡೆಯಲಿರುವ ಬಂಧುಗಳಿಂದಲೂ ಜೀವನಾಂಶವನ್ನು ಕೊಡಿಸುತ್ತದೆ. ಅದಕ್ಕಾಗಿ ಏರ್ಪಟ್ಟ ನ್ಯಾಯಮಂಡಲಿಗೆ ಕರ್ನಾಟಕದಲ್ಲಿ ಉಪವಿಭಾಗದ ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷರು. ಸಂಬಳದ ಶುಶ್ರೂಷಕನು ಮಗನೂ ಅಲ್ಲ, ದಾಯಾದನೂ ಅಲ್ಲ. ಆದಕಾರಣ ಜೀವನಾಂಶದ ಮಾರ್ಗವು ಅವನನ್ನು ಮುಟ್ಟಲಾರದು. ೨೦೦೫ನೆಯ ಇಸವಿಯ ಕೌಟುಂಬಿಕ ಹಿಂಸೆಯ ಶಾಸನವೂ ರಕ್ತ, ವಿವಾಹ ಮೊದಲಾದ ಸಂಬಂಧವನ್ನು ಅಪೇಕ್ಷಿಸುವುದರಿಂದ ಇಲ್ಲಿ ಅನ್ವಯಿಸುವುದಿಲ್ಲ. ಪೀಡಿಸುವವರು ಮನೆಯವರೇ ಆದಾಗ ಈ ಎರಡೂ ಉಪಯುಕ್ತವೆಂಬುದು ಬೇರೆ ಮಾತು.

ಆದರೂ ೨೦೦೭ನೆಯ ಶಾಸನದಲ್ಲಿ ಎರಡು ಕಲಮುಗಳು ಪರಕೀಯನಿಗೂ ಅನ್ವಯಿಸುತ್ತವೆ. ಇಪ್ಪತ್ತನಾಲ್ಕನೆಯ ಕಲಮಿನಲ್ಲಿ ‘ಮಕ್ಕಳು’ ಎಂಬ ಮಾತಿಲ್ಲ. ಹಿರಿಯ ನಾಗರಿಕರ ಆರೈಕೆ ಅಥವಾ ರಕ್ಷಣೆ ಯಾರ ಕೈಯಲ್ಲಿದೆಯೋ ಅವರು ಸಂಪೂರ್ಣವಾಗಿ ಕೈಬಿಡುವ ಉದ್ದೇಶದಿಂದ ಅವರನ್ನು ಎಲ್ಲಿಯಾದರೂ ಬಿಟ್ಟುಹೋದರೆ ಮೂರು ತಿಂಗಳವರೆಗೆ ಸೆರೆ, ಅಥವಾ ೫,೦೦೦ ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡೂ ಉಂಟು. ಇಪ್ಪತ್ತಮೂರನೆಯ ಕಲಮು ದಾನಪತ್ರಾದಿಗಳ ವಿಷಯ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ವೃದ್ಧರು ಆಸ್ತಿಯನ್ನು ಬರೆದುಕೊಟ್ಟು, ಪಡೆದವನು ಅದನ್ನು ನಡೆಸದೆ ಹೋದರೆ, ಕೊಟ್ಟವರ ಇಚ್ಛೆಯಂತೆ ಆ ಹಸ್ತಾಂತರವನ್ನು ನ್ಯಾಯಮಂಡಲಿಯು ರದ್ದುಪಡಿಸಬಹುದು. ಪಡೆದವನು ಬಂಧುವೇ ಆಗಿರಬೇಕೆಂದಿಲ್ಲ; ಸೇವಕನ ಹೆಸರಿಗೆ ಹೋದ ಮನೆಯೂ ಹೀಗೆ ಹಿಂದಿರುಗಬಹುದು. ಷರತ್ತು ಇದ್ದಿತೆಂಬುದು ಸ್ಥಾಪಿತವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೨ರ ಡಿಸೆಂಬರಿನಲ್ಲಿ ನಿರ್ಣಯಿಸಿತು. ಈ ಶಾಸನವು ವೃದ್ಧರ ಹಿತಕ್ಕಾಗಿ ಹುಟ್ಟಿದ್ದಾದ್ದರಿಂದ ಉದಾರವಾಗಿ ಅರ್ಥೈಸಬೇಕೆಂದು ೨೦೨೫ರ ಜನವರಿಯಲ್ಲಿ ಹೇಳಿತು. ಷರತ್ತನ್ನು ಪತ್ರದಲ್ಲಿಯೇ ಬರೆಯಿಸುವುದು ಕ್ಷೇಮವೆಂಬುದು ಇದರಿಂದ ಫಲಿತ.

೨. ದಂಡಸಂಹಿತೆಯಲ್ಲಿ ಉಳಿದ ಒಂದು ಕಲಮು

೧೮೬೦ನೆಯ ಇಸವಿಯ ಭಾರತ ದಂಡ ಸಂಹಿತೆಯ ಹತ್ತೊಂಬತ್ತನೆಯ ಅಧ್ಯಾಯವು ಸೇವೆಯ ಕರಾರನ್ನು ಮುರಿಯುವುದನ್ನೇ ಅಪರಾಧವೆಂದು ಗಣಿಸಿದುದು. ಅದರಲ್ಲಿ ಮೂರು ಕಲಮುಗಳಿದ್ದವು. ಪ್ರಯಾಣದಲ್ಲಿ ಸೇವೆಯನ್ನು ಬಿಡುವುದರ ೪೯೦, ಧಣಿಯ ಖರ್ಚಿನಿಂದ ದೂರದೇಶಕ್ಕೆ ಹೋದ ಕೆಲಸಗಾರನು ಕೆಲಸ ಬಿಡುವುದರ ೪೯೨, ಈ ಎರಡೂ ೧೯೨೫ರಲ್ಲಿ ರದ್ದಾದುವು. ನಡುವಣ ೪೯೧ ಮಾತ್ರ ಉಳಿಯಿತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ೩೫೭ನೆಯ ಕಲಮಾಗಿದೆ. ಎಳೆತನದಿಂದಲೋ ಚಿತ್ತಸ್ವಾಸ್ಥ್ಯವಿಲ್ಲದೆಯೋ ರೋಗದಿಂದಲೋ ದೇಹದೌರ್ಬಲ್ಯದಿಂದಲೋ ಅಸಹಾಯರಾದವರನ್ನು ನೋಡಿಕೊಳ್ಳಲು ನ್ಯಾಯಸಮ್ಮತವಾದ ಕರಾರಿನಿಂದ ಬದ್ಧನಾದವನು ಬುದ್ಧಿಪೂರ್ವಕವಾಗಿ ಅದನ್ನು ಮಾಡದಿದ್ದರೆ ಅವನಿಗೆ ದಂಡನೆಯುಂಟೆಂದು ಅದರ ತಾತ್ಪರ್ಯ. ನಾರದನ ಐದನೆಯ ವ್ಯವಹಾರಪದಕ್ಕೆ ಇಂದಿನ ಶಾಸನದಲ್ಲಿ ಇದಕ್ಕಿಂತ ಸಮೀಪದ ಸದೃಶವು ಮತ್ತೊಂದಿಲ್ಲ.

ಆದರೆ ದಂಡನೆಯು ಅಲ್ಪ. ಸೆರೆಯು ಮೂರು ತಿಂಗಳವರೆಗೆ; ಜುಲ್ಮಾನೆಯು ಹಿಂದೆ ೨೦೦ ರೂಪಾಯಿ, ಈಗ ೫,೦೦೦ ರೂಪಾಯಿಗಳವರೆಗೆ. ಪೊಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಇದನ್ನು ತನಿಖೆ ಮಾಡುವಂತಿಲ್ಲ. ಇವೆಲ್ಲಕ್ಕಿಂತ ಗಮನಾರ್ಹವಾದ ಅಂಶವು ರಾಜಿಯ ವಿಷಯದಲ್ಲಿದೆ. ಈ ಅಪರಾಧವನ್ನು ರಾಜಿಮಾಡಿಕೊಳ್ಳುವ ಅಧಿಕಾರವನ್ನು ಪ್ರಕ್ರಿಯಾಶಾಸನವು ಕೊಟ್ಟಿರುವುದು ಯಾರೊಡನೆ ಕರಾರು ಆಯಿತೋ ಅವನಿಗೆ, ಹಸಿದು ಮಲಗಿದ್ದವರಿಗಲ್ಲ. ಹೊಡೆತದ ಅಪರಾಧದಲ್ಲಿಯಾದರೋ ರಾಜಿಯ ಅಧಿಕಾರವು ನೋವನ್ನುಂಡವರದು. ಎಂದರೆ ಮಗನು ಮನಸ್ಸು ಮಾಡಿದರೆ ತಾಯಿಯ ಉಪವಾಸವನ್ನು ಕ್ಷಮಿಸಿಬಿಡಬಹುದು, ತಾಯಿಯ ಪೆಟ್ಟನ್ನು ಕ್ಷಮಿಸಲಾರನು.

೩. ಇತರ ಅಪರಾಧಗಳು

ಆದ್ದರಿಂದ ೩೫೭ನೆಯ ಕಲಮೊಂದನ್ನೇ ನೆಚ್ಚಿ ಕುಳಿತುಕೊಳ್ಳತಕ್ಕದ್ದಲ್ಲ. ಅದೇ ಸಂಹಿತೆಯಲ್ಲಿ ಪೆಟ್ಟಿಗೆ ೧೧೫ನೆಯ ಕಲಮಿನಂತೆ ಒಂದು ವರ್ಷದವರೆಗೂ, ಮೂಳೆ ಮುರಿಯುವುದೇ ಮೊದಲಾದ ತೀವ್ರ ಗಾಯಕ್ಕೆ ೧೧೭ರಂತೆ ಏಳು ವರ್ಷಗಳವರೆಗೂ ಸೆರೆಯುಂಟು. ಕೋಣೆಯಲ್ಲಿ ಕೂಡಿಹಾಕುವುದು ೧೨೭ರ ಅಕ್ರಮ ಬಂಧನ. ದಿನಗಳು ಹೆಚ್ಚಿದಂತೆ ದಂಡನೆಯೂ ಹೆಚ್ಚುವುದು. ಕಳವು ಮೊದಲಾದ ಅಪರಾಧವನ್ನೆಸಗುವ ಉದ್ದೇಶದಿಂದ ಮತ್ತು ಬರುವ ಔಷಧವನ್ನು ಕುಡಿಸಿದರೆ ೧೨೩ರಂತೆ ಹತ್ತು ವರ್ಷಗಳವರೆಗೆ ಸೆರೆ. ಧಣಿಯ ಸ್ವತ್ತನ್ನು ಸೇವಕನು ಕದ್ದರೆ ೩೦೬ರಂತೆ ಏಳು ವರ್ಷಗಳವರೆಗೆ.

ಇವುಗಳಲ್ಲಿ ಕೆಲವನ್ನು ಪೊಲೀಸರು ತಾವಾಗಿಯೇ ತನಿಖೆ ಮಾಡಬಹುದು. ಸಾಧಾರಣವಾದ ಪೆಟ್ಟು ಮಾತ್ರ ಆ ವರ್ಗಕ್ಕೆ ಸೇರಿಲ್ಲ. ಇಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೭೪ನೆಯ ಕಲಮಿನ ಒಂದು ನಿಯಮವು ಬಹಳ ಉಪಕಾರಿ. ಹಲವು ಅಪರಾಧಗಳು ಕೂಡಿದ ಪ್ರಸಂಗದಲ್ಲಿ ಅವುಗಳಲ್ಲೊಂದಾದರೂ ಪೊಲೀಸರು ತಾವಾಗಿ ತನಿಖೆ ಮಾಡತಕ್ಕದ್ದಾಗಿದ್ದರೆ ಇಡೀ ಪ್ರಸಂಗವನ್ನೇ ಅಂತಹುದೆಂದು ಎಣಿಸಬೇಕು. ಆದ್ದರಿಂದ ದೂರಿನಲ್ಲಿ ‘ಹೊಡೆದನು’ ಎಂದಷ್ಟೇ ಬರೆಯದೆ, ಕೂಡಿಹಾಕಿದ್ದು, ಔಷಧ ಕುಡಿಸಿದ್ದು, ಬಳೆ ಕಾಣೆಯಾದದ್ದು, ಎಲ್ಲವನ್ನೂ ನಡೆದ ಕ್ರಮದಲ್ಲಿಯೇ ಬರೆಯತಕ್ಕದ್ದು. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ದೂರದಲ್ಲಿರುವ ಮಕ್ಕಳು ವಿದ್ಯುನ್ಮಾನ ಮಾರ್ಗದಿಂದ ಕಳುಹಿಸಿ ಮೂರು ದಿನಗಳೊಳಗೆ ಸಹಿ ಹಾಕಬಹುದು. ಠಾಣೆಯವರು ಸ್ವೀಕರಿಸದಿದ್ದರೆ ಜಿಲ್ಲಾ ಪೊಲೀಸ್ ಸೂಪರಿಂಟೆಂಡೆಂಟರಿಗೂ, ಅಲ್ಲಿಯೂ ಫಲ ಕಾಣದಿದ್ದರೆ ಮ್ಯಾಜಿಸ್ಟ್ರೇಟರಿಗೂ ಬರೆದುಕೊಳ್ಳುವ ಅವಕಾಶವಿದೆ.

ಪಾರ್ಶ್ವವಾಯುವಿನಿಂದ ಅಂಗಸ್ವಾಧೀನ ತಪ್ಪಿದವರು, ಪಾರ್ಕಿನ್ಸನ್ ರೋಗದವರು ಮೊದಲಾದವರ ವಿಷಯದಲ್ಲಿ ೨೦೧೬ನೆಯ ಇಸವಿಯ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಇನ್ನೂ ಬಲವಾದ ಆಯುಧ. ಅಂಗವಿಕಲರು ಯಾರ ವಶದಲ್ಲಿದ್ದಾರೆಯೋ ಅವರು ತಿಳಿದೂ ತಿಳಿದೂ ಅನ್ನವನ್ನೋ ನೀರನ್ನೋ ನಿರಾಕರಿಸಿದರೆ ೯೨ನೆಯ ಕಲಮಿನಂತೆ ಆರು ತಿಂಗಳಿಗೆ ಕಡಮೆಯಿಲ್ಲದ, ಐದು ವರ್ಷಗಳವರೆಗಿನ ಸೆರೆಯೂ ಜುಲ್ಮಾನೆಯೂ ವಿಧಿತವಾಗಿವೆ. ೩೫೭ರ ಮೂರು ತಿಂಗಳೊಡನೆ ಇದನ್ನು ಹೋಲಿಸಿದರೆ ತಾರತಮ್ಯವು ಸ್ಪಷ್ಟವಾಗುವುದು. ಅದೂ ಅಲ್ಲದೆ ಏಳನೆಯ ಕಲಮಿನಂತೆ ಹಿಂಸೆಯು ನಡೆದಿದೆ, ನಡೆಯುತ್ತಿದೆ, ಅಥವಾ ನಡೆಯಬಹುದೆಂದು ನಂಬಲು ಕಾರಣವುಳ್ಳ ಯಾರಾದರೂ, ನೆರೆಮನೆಯವರಾದರೂ, ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು. ಅವರು ಕೂಡಲೇ ಅದನ್ನು ತಡೆಯುವ, ಬಾಧಿತರನ್ನು ಬಿಡಿಸುವ ಆಜ್ಞೆಯನ್ನು ಮಾಡಬಹುದು. ಇಲ್ಲಿ ಕರಾರಿನ ಪ್ರಶ್ನೆಯೇ ಹುಟ್ಟುವುದಿಲ್ಲ. ಪೀಡೆಗೊಳಗಾದ ವ್ಯಕ್ತಿಯೇ ಪ್ರಧಾನ.

೪. ಪರಿಹಾರದ ಮಾರ್ಗ

ದಂಡನೆಯಿಂದ ಅಪರಾಧಿಗೆ ಶಿಕ್ಷೆಯಾದರೂ ಬಾಧಿತರ ನಷ್ಟವು ತುಂಬುವುದಿಲ್ಲ. ಸಂಬಳ ಪಡೆದು ಕೆಲಸವನ್ನು ಬಿಟ್ಟವನು ಅದರ ಎರಡರಷ್ಟನ್ನು ತೆರಬೇಕೆಂದು ಯಾಜ್ಞವಲ್ಕ್ಯನು ವಿಧಿಸಿದ್ದಾನೆ. ಈಗ ಆ ಸ್ಥಾನದಲ್ಲಿರುವುದು ೨೦೧೯ನೆಯ ಇಸವಿಯ ಗ್ರಾಹಕ ಸಂರಕ್ಷಣಾ ಅಧಿನಿಯಮ. ಇಲ್ಲಿ ಒಂದು ಸೂಕ್ಷ್ಮವನ್ನು ಅರಿಯಬೇಕು. ವೈಯಕ್ತಿಕ ಸೇವೆಯ ಕರಾರನ್ನು ಆ ಶಾಸನವು ‘ಸೇವೆ’ಯ ಲಕ್ಷಣದಿಂದ ಹೊರಗಿಟ್ಟಿದೆ. ಮನೆಯವರು ತಾವೇ ನೇರವಾಗಿ ನೇಮಿಸಿಕೊಂಡ ಆಳು ಈ ಹೊರಗಿಟ್ಟ ವರ್ಗಕ್ಕೆ ಸೇರುವನು. ಶುಶ್ರೂಷಕರನ್ನು ಒದಗಿಸುವ ಸಂಸ್ಥೆಗೆ ಹಣ ತೆತ್ತು ಪಡೆದುದಾದರೋ ಸೇವೆಯೇ ಆಗುವುದು. ಸಂಸ್ಥೆಯ ವಿರುದ್ಧ ಎರಡು ವರ್ಷಗಳೊಳಗೆ, ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಹಣ ಕೊಟ್ಟವರಷ್ಟೇ ಅಲ್ಲದೆ ಅವರ ಒಪ್ಪಿಗೆಯಿಂದ ಸೇವೆಯ ಫಲವನ್ನು ಪಡೆಯುವವರೂ ಈ ಶಾಸನದಲ್ಲಿ ‘ಗ್ರಾಹಕ’ರೇ; ಅವರು ತೀರಿಕೊಂಡರೆ ವಾರಸುದಾರರು ದೂರು ಕೊಡಬಹುದು. ದಂಡಸಂಹಿತೆಯ ೩೫೭ನೆಯ ಕಲಮು ಮರೆತ ವೃದ್ಧರನ್ನು ಗ್ರಾಹಕಶಾಸನವು ನೆನೆದಿದೆಯೆನ್ನಬಹುದು. ಸಂಸ್ಥೆಯೊಡನೆ ಬರೆಹದ ಕರಾರು, ರಸೀದಿ, ಬಂದವರ ಗುರುತಿನ ಚೀಟಿಯ ಪ್ರತಿ, ಇವು ಮೊದಲ ದಿನವೇ ಕೈಯಲ್ಲಿರತಕ್ಕದ್ದು.

೫. ಸಾಕ್ಷ್ಯವೂ ಅನುಷ್ಠಾನಕ್ರಮವೂ

ಇಂತಹ ವ್ಯಾಜ್ಯಗಳು ಪ್ರಾಯಶಃ ಸಾಕ್ಷ್ಯದ ಕೊರತೆಯಿಂದಲೇ ಬಿದ್ದುಹೋಗುತ್ತವೆ. ಅನುಮಾನ ಹುಟ್ಟಿದೊಡನೆ ಮಾಡತಕ್ಕ ಮೊದಲ ಕಾರ್ಯವು ವೃದ್ಧರನ್ನು ಕ್ಷೇಮದಲ್ಲಿರಿಸಿ ವೈದ್ಯರಿಗೆ ತೋರಿಸಿ ಗಾಯಗಳನ್ನು ಬರೆಹಕ್ಕೆ ತರಿಸುವುದು. ಮುಪ್ಪಿನಲ್ಲಿ ಚರ್ಮವು ತೆಳುವಾಗಿ ಅಲ್ಪಸ್ಪರ್ಶಕ್ಕೂ ಕಂದುವುದುಂಟು. ಜಾರಿಬಿದ್ದ ಗಾಯವೂ ಉಂಟು. ವೈದ್ಯಪರೀಕ್ಷೆಯು ನಿಜವಾದ ಅಪರಾಧವನ್ನು ಬಯಲು ಮಾಡುವಂತೆಯೇ ನಿರಪರಾಧಿಯಾದ ಶುಶ್ರೂಷಕನನ್ನು ಕಾಪಾಡುವುದೂ ಹೌದು. ಶಂಕಿತನನ್ನು ಮನೆಯವರೇ ಹೊಡೆಯುವುದು, ಕೂಡಿಹಾಕುವುದು ಸರ್ವಥಾ ಕೂಡದು. ಅದು ಅವರ ಮೇಲೆಯೇ ಅಪರಾಧವಾಗಿ ತಿರುಗುವುದು. ಅರುವತ್ತು ಮೀರಿದ ಪುರುಷರನ್ನೂ ಸ್ತ್ರೀಯರನ್ನೂ ತೀವ್ರ ರೋಗಿಗಳನ್ನೂ ಸಾಕ್ಷ್ಯಕ್ಕಾಗಿ ಪೊಲೀಸರು ಠಾಣೆಗೆ ಕರೆಯುವಂತಿಲ್ಲ, ಮನೆಯಲ್ಲಿಯೇ ವಿಚಾರಿಸಬೇಕು. ಮಾತು ನಿಂತವರು ಬರೆಹದಿಂದಲೋ ಸಂಜ್ಞೆಯಿಂದಲೋ ನ್ಯಾಯಾಲಯದಲ್ಲಿ ತಿಳಿಸಿದ್ದನ್ನು ೨೦೨೩ನೆಯ ಇಸವಿಯ ಸಾಕ್ಷ್ಯ ಅಧಿನಿಯಮದ ೧೨೫ನೆಯ ಕಲಮು ಬಾಯಿಮಾತಿನ ಸಾಕ್ಷ್ಯವೆಂದೇ ಎಣಿಸುತ್ತದೆ. ಸದ್ಯದ ನೆರವಿಗೆ ೧೧೨, ಸಲಹೆಗೆ ಹಿರಿಯರ ಸಹಾಯವಾಣಿಯಾದ ೧೪೫೬೭, ಈ ದೂರವಾಣಿ ಸಂಖ್ಯೆಗಳಿವೆ. ಸ್ತ್ರೀಯರೂ ಅಂಗವಿಕಲರೂ ೧೯೮೭ನೆಯ ಇಸವಿಯ ಶಾಸನದಂತೆ ಉಚಿತವಾದ ಕಾನೂನು ನೆರವಿಗೆ ಅರ್ಹರು.

೬. ಉಪಸಂಹಾರ

ಮೇಲಣ ವಿವೇಚನೆಯಿಂದ ಸಿದ್ಧವಾಗುವುದೇನೆಂದರೆ, ಮನೆಗೆ ಬರುವ ಶುಶ್ರೂಷಕರ ಅಪರಾಧಕ್ಕೆ ಪರಿಹಾರವು ಒಂದೇ ಶಾಸನದಲ್ಲಿಲ್ಲ. ತತ್‍ಕ್ಷಣದ ರಕ್ಷಣೆಗೆ ಮ್ಯಾಜಿಸ್ಟ್ರೇಟರು, ದಂಡನೆಗೆ ಪೊಲೀಸರು, ನಷ್ಟಕ್ಕೆ ಗ್ರಾಹಕ ಆಯೋಗ, ಬರೆದುಕೊಟ್ಟ ಆಸ್ತಿಗೆ ಅಸಿಸ್ಟೆಂಟ್ ಕಮಿಷನರ ನ್ಯಾಯಮಂಡಲಿ, ಹೀಗೆ ಪ್ರಯೋಜನಭೇದದಿಂದ ಮಾರ್ಗಭೇದ. ಒಂದನ್ನು ಹಿಡಿದ ಮಾತ್ರಕ್ಕೆ ಮತ್ತೊಂದು ಮುಚ್ಚುವುದಿಲ್ಲ. ಮನೆಶುಶ್ರೂಷೆಯ ಸಂಸ್ಥೆಗಳನ್ನು ನೋಂದಣಿಗೆ ಒಳಪಡಿಸುವ ತಿದ್ದುಪಡಿಯ ಮಸೂದೆಯೊಂದು ೨೦೧೯ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿತವಾಯಿತು. ಅಂಗೀಕಾರವಾಗದೆ ಆ ಸಭೆಯ ಅವಧಿಯೊಡನೆ ೨೦೨೪ರಲ್ಲಿ ಬಿದ್ದುಹೋಯಿತು. ಆದ್ದರಿಂದ ಸದ್ಯಕ್ಕೆ ಕುಟುಂಬದವರ ಎಚ್ಚರವೇ ಮೊದಲ ಕಾವಲು. ಶುಶ್ರೂಷೆಯೆಂಬ ಶಬ್ದದ ಮೂಲಾರ್ಥವು ಕೇಳುವ ಇಚ್ಛೆಯೆಂದು ಮೊದಲೇ ಹೇಳಿದೆ. ಆ ಧರ್ಮವು ಸಂಬಳದ ಶುಶ್ರೂಷಕನಿಗಷ್ಟೇ ಸೇರಿದುದಲ್ಲ. ವೃದ್ಧರು ಕುಂದಿದ ದನಿಯಲ್ಲಿ ದೂರಿದಾಗ ಅದನ್ನು ಮುಪ್ಪಿನ ಭ್ರಮೆಯೆಂದು ತಳ್ಳಿಹಾಕದೆ ಕೇಳತಕ್ಕವರು ಕರಾರು ಮಾಡಿಕೊಂಡ ಮಕ್ಕಳೂ ಹೌದು. ಮೇಲೆ ವಿವರಿಸಿದ ಕಲಮುಗಳೆಲ್ಲವೂ ಫಲಕಾರಿಯಾಗುವುದು ಆ ಕೇಳುವಿಕೆಯ ಅನಂತರವೇ.