ಮನೆಗೆ ಫ್ರಿಜ್ ಬಂತು

ಅಕ್ಕಂದಿರೇ, ಒಂದು ಕಾಲದಲ್ಲಿ ಫ್ರಿಜ್ ಪೇಟೆಯವರ ವಸ್ತು. ಈಗ ಹಳ್ಳಿಯ ಮನೆಗೂ ಬಂದಿದೆ. 2023ರಲ್ಲಿ ಗೃಹಲಕ್ಷ್ಮಿ ಹಣ ಬರಲು ಶುರುವಾಯಿತು. ಆ ಹಣ ಕೂಡಿಟ್ಟು ಫ್ರಿಜ್ ಕೊಂಡ ಹೆಂಗಸರೂ ಇದ್ದಾರೆ. ತಂದ ದಿನ ಅರಿಸಿನ ಕುಂಕುಮ ಹಚ್ಚುತ್ತೇವೆ. ಹಚ್ಚೋಣ. ಆದರೆ ಸ್ವಿಚ್ಚು ಹಾಕುವ ಮೊದಲು ಒಂದು ವಿಷಯ ತಿಳಿದಿರಬೇಕು.

ಫ್ರಿಜ್‌ನ ಮೈ ತಗಡಿನದು. ಒಳಗೆ ಕರೆಂಟು ಹರಿಯುತ್ತದೆ. ವೈರಿನ ಹೊದಿಕೆ ಸವೆದರೆ, ಇಲಿ ಕಡಿದರೆ, ಕರೆಂಟು ತಗಡಿಗೆ ಬರುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ. ಫ್ರಿಜ್ ತಂಪು ಮಾಡುತ್ತಲೇ ಇರುತ್ತದೆ. ಪಾತ್ರೆ ತೊಳೆದ ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಅದರ ಬಾಗಿಲು ಮುಟ್ಟುವವರು ಯಾರು? ನಾವು, ನಮ್ಮ ಮಕ್ಕಳು. ಮುಟ್ಟಿದರೆ ಕರೆಂಟು ನಮ್ಮ ಮೈಯೊಳಗಿಂದ ನೆಲಕ್ಕೆ ಇಳಿಯುತ್ತದೆ. ಮನೆಯ ಕರೆಂಟು 230 ವೋಲ್ಟ್. ಜೀವ ಹೋಗಲು ಅಷ್ಟು ಸಾಕು.

ಇದಕ್ಕೇ ಮೂರನೆಯ ವೈರು ಇಟ್ಟಿದ್ದಾರೆ. ಫ್ರಿಜ್‌ನ ಪ್ಲಗ್ಗು ನೋಡಿ. ಮೂರು ಪಿನ್ನು ಇವೆ. ಕೆಳಗಿನ ಎರಡು, ಕರೆಂಟು ಬಂದು ಹೋಗಲು. ಮೇಲಿನದು ದಪ್ಪ, ಉದ್ದ. ಅದೇ ಅರ್ಥಿಂಗ್ ಪಿನ್ನು. ಹಸಿರು ವೈರು ಅದನ್ನು ಫ್ರಿಜ್‌ನ ತಗಡಿಗೆ ಸೇರಿಸುತ್ತದೆ. ಗೋಡೆಯ ಬೋರ್ಡಿನಿಂದಲೂ ಒಂದು ವೈರು ಹೊರಗೆ ಹೋಗಿ, ನೆಲದಲ್ಲಿ ಹೂತ ಪೈಪಿಗೆ ಸೇರಬೇಕು. ಆಗ ತಗಡಿಗೆ ಬಂದ ಕರೆಂಟು ಆ ದಾರಿ ಹಿಡಿದು ಭೂಮಿಗೆ ಇಳಿಯುತ್ತದೆ. ಪಿನ್ನು ಹಿಡಿಸಲಿಲ್ಲ ಅಂತ ಮುರಿದು ಹಾಕಬೇಡಿ.

"ನಮ್ಮ ಬೋರ್ಡಿನಲ್ಲಿ ಮೂರು ತೂತು ಇದೆಯಲ್ಲಾ ಟೀಚರ್, ಇನ್ನೇನು ಬೇಕು?" ಎಂದು ಕೇಳುತ್ತಾರೆ. ತೂತು ಇದ್ದರೆ ಸಾಲದು. ಎಷ್ಟೋ ಮನೆಗಳಲ್ಲಿ ಮೇಲಿನ ತೂತಿನ ಹಿಂದೆ ವೈರೇ ಇರುವುದಿಲ್ಲ. ಭಾಗ್ಯಜ್ಯೋತಿಯಲ್ಲಿ ಒಂದು ಬಲ್ಬಿಗೆಂದು ಎಳೆದ ತೆಳು ವೈರಿಗೇ ಆಮೇಲೆ ಬೋರ್ಡು ಕೂರಿಸಿರುತ್ತಾರೆ. ಇನ್ನು ಕೆಲವರು ಮೇಲಿನ ತೂತನ್ನು ಒಳಗಡೆಯೇ ಕಪ್ಪು ವೈರಿಗೆ ಸೇರಿಸಿ, ಕೆಲಸ ಮುಗೀತು ಅನ್ನುತ್ತಾರೆ. ಇದು ಇನ್ನೂ ಅಪಾಯ. ಆ ಕಪ್ಪು ವೈರು ಕಿತ್ತುಬಂದರೆ ಫ್ರಿಜ್ ಮೈಗೇ ಕರೆಂಟು ಬರುತ್ತದೆ.

ಲೈಸೆನ್ಸ್ ಇರುವ ವೈರ್‌ಮನ್ನನ್ನೇ ಕರೆಸಿ. ಪಕ್ಕದಲ್ಲಿ ನಿಂತು ಕೇಳಿ: "ಅರ್ಥಿಂಗ್ ಗುಂಡಿ ಎಲ್ಲಿದೆಯಪ್ಪಾ? ಈ ಬೋರ್ಡಿನ ವೈರು ಅಲ್ಲಿಯವರೆಗೆ ಹೋಗಿದೆಯಾ? ಪರೀಕ್ಷೆ ಮಾಡಿ ತೋರಿಸು." ಹೆಂಗಸರಿಗೆ ಇದೆಲ್ಲಾ ಯಾಕೆ ಎಂದರೆ ಸುಮ್ಮನಾಗಬೇಡಿ. ಬಾಗಿಲು ತೆಗೆಯುವ ಕೈ ನಿಮ್ಮದು. ಗುಂಡಿ ಇಲ್ಲದಿದ್ದರೆ ತೋಡಿಸಿ. ಇದ್ದಿಲು, ಉಪ್ಪು ಹಾಕಿ ಪೈಪು ಹೂಳುತ್ತಾರೆ. ಮಣ್ಣು ಒಣಗಿದರೆ ಕರೆಂಟು ಸರಿಯಾಗಿ ಇಳಿಯದು. ಬೇಸಿಗೆಯಲ್ಲಿ ಆಗಾಗ ಒಂದು ಕೊಡ ನೀರು ಹುಯ್ಯಿರಿ. ಇದರ ಜೊತೆಗೆ ಆರ್‌ಸಿಸಿಬಿ ಎಂಬ ಸ್ವಿಚ್ಚನ್ನೂ ಹಾಕಿಸಿದರೆ ಬಹಳ ಒಳ್ಳೆಯದು. 30 ಮಿಲಿ ಆಂಪಿಯರ್‌ನದು ಕೇಳಿ. ಕರೆಂಟು ಸೋರಿದ ಕೂಡಲೇ ಅದು ತಾನಾಗಿ ಆಫ್ ಆಗುತ್ತದೆ.

ಇನ್ನು ಇಡುವ ಜಾಗ. ಒಲೆಯ ಪಕ್ಕ ಬೇಡ, ನೀರು ಚೆಲ್ಲುವ ಕಡೆ ಬೇಡ. ಫ್ರಿಜ್‌ನ ಹಿಂದಿನಿಂದ ಬಿಸಿ ಹೊರಗೆ ಹೋಗಬೇಕು. ಗೋಡೆಗೆ ಒತ್ತಿ ನಿಲ್ಲಿಸದೆ ಆರು ಬೆರಳಷ್ಟು ಜಾಗ ಬಿಡಿ. ಗಾಡಿಯಲ್ಲಿ ಮಲಗಿಸಿ ತಂದಿದ್ದರೆ ಒಂದು ದಿನ ನೆಟ್ಟಗೆ ನಿಲ್ಲಿಸಿ, ಆಮೇಲೆ ಸ್ವಿಚ್ಚು ಹಾಕಿ. ಮೋಟಾರಿನ ಎಣ್ಣೆ ತನ್ನ ಜಾಗಕ್ಕೆ ಇಳಿಯಬೇಕಲ್ಲ! ಟೀವಿ, ಮಿಕ್ಸಿ ಎಲ್ಲ ಸಿಕ್ಕಿಸಿದ ಎಕ್ಸ್‌ಟೆನ್ಶನ್ ಬಾಕ್ಸಿಗೆ ಫ್ರಿಜ್ ಸಿಕ್ಕಿಸಬೇಡಿ. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿ ಇರುವುದು ಬೆಂಕಿ ಹತ್ತುವ ಗ್ಯಾಸು. ಚಾಕುವಿನಿಂದ ಐಸು ಕೆರೆದರೆ ಕೊಳವೆ ತೂತಾಗಿ ಗ್ಯಾಸು ಸೋರಬಹುದು.

ಫ್ರಿಜ್ ಮುಟ್ಟಿದಾಗ ಕೈ ಜುಮ್ ಎಂದರೆ ಮತ್ತೆ ಮುಟ್ಟಿ ನೋಡಬೇಡಿ. ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಯಾರಾದರೂ ಹಿಡಿದುಕೊಂಡು ನಿಂತಿದ್ದರೆ, ಅವರನ್ನು ಕೈಯಿಂದ ಎಳೆಯಬೇಡಿ. ಮೊದಲು ಮೇನ್ ಆಫ್ ಮಾಡಿ. ಅದು ಆಗದಿದ್ದರೆ ಒಣಗಿದ ಕಟ್ಟಿಗೆಯಿಂದ ದೂಡಿ. ವೈರ್‌ಮನ್ ಬಂದು ನೋಡುವವರೆಗೆ ಆ ಪ್ಲಗ್ಗು ಹಾಕಬೇಡಿ. ಒಳಗಿರುವ ಹಾಲು ಕೆಟ್ಟರೆ ಕೆಡಲಿ.